ಸಿಡಿ ಬಿಟ್ಟರೂ ಸಿಡಿಯ ಬುದ್ಧಿ ಬಿಡದು

ಕಂಪ್ಯೂಟರಿನ ತಾಪತ್ರಯಗಳಲ್ಲಿ ಎರಡು ಜಾತಿ. ಯಂತ್ರ ಕೆಟ್ಟು ಹುಟ್ಟುವುದು ಒಂದು. ಏನೂ ಕೆಡದೆಯೇ ಹುಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ರಿಪೇರಿಯವನಿದ್ದಾನೆ, ಬಿಲ್ಲಿದೆ, ವಾರಂಟಿ ಮುಗಿದು ಎಷ್ಟು ದಿನವಾಯಿತೆಂಬ ಚರ್ಚೆಯಿದೆ. ಎರಡನೆಯದಕ್ಕೆ ದಿಕ್ಕಿಲ್ಲ. ಅಂಗಡಿಗೆ ಒಯ್ದರೆ ‘ಸರಿಯಾಗೇ ಇದೆಯಲ್ಲ ಸಾರ್’ ಎಂದು ವಾಪಸು ಕೊಡುತ್ತಾರೆ. ಸಿಡಿಯಿಂದ ಕಾಪಿ ಮಾಡಿಕೊಂಡ ಫೈಲಿನ ಗೋಳು ಈ ಎರಡನೆಯ ಜಾತಿಯದು. ಫೈಲು ತೆರೆಯುತ್ತದೆ, ಓದಿಸಿಕೊಳ್ಳುತ್ತದೆ, ಪ್ರಿಂಟ್ ಕೊಟ್ಟರೆ ಅಚ್ಚುಕಟ್ಟಾಗಿ ಬರುತ್ತದೆ. ಒಂದು ದೀರ್ಘ ತಿದ್ದಿ ಸೇವ್ ಒತ್ತಿದಿರೋ, ಇದು ರೀಡ್ ಓನ್ಲಿ, ಬೇಕಿದ್ದರೆ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ ಎಂದು ಅಡ್ಡ ಬೀಳುತ್ತದೆ. ಮನೆ ನಮ್ಮದು, ಯಂತ್ರ ನಮ್ಮದು, ಬರೆದವರೂ ನಾವೇ. ಆದರೂ ಅಪ್ಪಣೆ ಇಲ್ಲ.

ಸಾಗರದಲ್ಲಿರುವ ನಮ್ಮ ಅಕ್ಕ ಈ ಗೋಳನ್ನು ಫೋನಿನಲ್ಲಿ ತೋಡಿಕೊಂಡದ್ದು ಭಾವನ ಷಷ್ಟ್ಯಬ್ದಿಯ ತಯಾರಿಯ ಹೊತ್ತಿಗೆ. 2004ರಲ್ಲಿ ಅಪ್ಪನ ಷಷ್ಟ್ಯಬ್ದಿ ಆಗಿತ್ತು. ಕಳಶ ಎಷ್ಟು ಇಟ್ಟಿದ್ದರು, ಯಾರು ಎಲ್ಲಿ ಕೂತಿದ್ದರು, ಅಮ್ಮ ಉಟ್ಟದ್ದು ಯಾವ ಸೀರೆ ಎಂದೆಲ್ಲ ನೋಡಿ ಈಗಿನದನ್ನು ಹಾಗೆಯೇ ಮಾಡಬೇಕೆಂದು ಅವಳ ಆಸೆ. ಫೋಟೋಗಳು ಕಂಪ್ಯೂಟರಿನಲ್ಲೇ ಇದ್ದವು. ಆದರೆ ಉದ್ದುದ್ದ ತೆಗೆದ ಫೋಟೋಗಳೆಲ್ಲ ಅಡ್ಡಡ್ಡ. ಅಪ್ಪ ಕಳಶದ ಮುಂದೆ ಗೋಡೆಗೆ ಕಾಲು ಕೊಟ್ಟು ಮಲಗಿದ ಹಾಗೆ, ಪುರೋಹಿತರು ಚಾವಣಿಯ ಕಡೆಯಿಂದ ಮಂತ್ರಾಕ್ಷತೆ ಹಾಕುವ ಹಾಗೆ. ತಿರುಗಿಸುವ ಬಾಣದ ಗುರುತು ಒತ್ತಿದರೆ, ಈ ಚಿತ್ರ ತಿರುಗಿಸಲಾಗದು, ಫೈಲೋ ಫೋಲ್ಡರೋ ರೀಡ್ ಓನ್ಲಿ ಇರಬಹುದು ಎಂದು ಉತ್ತರ.

‘ನಾನೇನು ಬದಲಾಯಿಸ್ತಾ ಇದೀನಿ ಮಾರಾಯ, ಎಬ್ಬಿಸಿ ಕೂರಿಸ್ತಾ ಇದೀನಿ ಅಷ್ಟೆ’ ಎಂದಳು ಅಕ್ಕ.

ಕಂಪ್ಯೂಟರಿಗೆ ಎಬ್ಬಿಸಿ ಕೂರಿಸುವುದೂ ಬರೆಯುವುದೇ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ.

‘ಸಿಡಿಯಿಂದ ಹಾಕಿಕೊಂಡದ್ದಾ?’ ಎಂದು ಕೇಳಿದೆ. ಸ್ಟುಡಿಯೋದವರು ಆಗ ಆಲ್ಬಮ್ಮಿನ ಜೊತೆ ಒಂದು ಸಿಡಿ ರೈಟ್ ಮಾಡಿ ಕೊಟ್ಟಿದ್ದರು. ಅದನ್ನು ವಿಂಡೋಸ್ 98 ಇದ್ದ ಹಳೇ ಕಂಪ್ಯೂಟರಿಗೆ ಕಾಪಿ ಮಾಡಿದ್ದು. ಆ ಕಂಪ್ಯೂಟರು ಹೋಯಿತು, ಹೋಗುವ ಮುಂಚೆ ಫೋಟೋಗಳು ಪೆನ್‌ಡ್ರೈವ್ ಸೇರಿದವು, ಪೆನ್‌ಡ್ರೈವಿನಿಂದ ಹೊಸ ಕಂಪ್ಯೂಟರಿಗೆ ಬಂದವು. ‘ಆ ಸಿಡಿ ಈಗೆಲ್ಲಿದೆ?’ ಎಂದರೆ, ತೊಂಡೆ ಚಪ್ಪರದಲ್ಲಿ. ಹಕ್ಕಿ ಬೆದರಿಸಲು ದಾರ ಕಟ್ಟಿ ತೂಗುಬಿಟ್ಟಿದ್ದಾಳೆ. ಬಿಸಿಲಿಗೆ, ಸಾಗರದ ಮಳೆಗೆ ಅದರ ಬಣ್ಣ ಹಾರಿ ಈಗ ಯಾವ ಡ್ರೈವೂ ಅದನ್ನು ಓದಲಾರದು. ಹಕ್ಕಿಗಳು ಹೆದರುತ್ತವೆಯೋ ಎಂದು ಕೇಳಿದರೆ ಮಾತು ಬೇರೆ ಕಡೆಗೆ ತಿರುಗುತ್ತದೆ.

ನನಗೆ ಇದರಲ್ಲಿ ಸ್ವಾರಸ್ಯ ಕಂಡದ್ದು ಇಲ್ಲೇ. ತಿದ್ದಲಾಗದ ವಸ್ತು ಸಿಡಿ, ಫೈಲಲ್ಲ. ಸ್ಟುಡಿಯೋದವರು ಬಳಸುತ್ತಿದ್ದ ಖಾಲಿ ಸಿಡಿಯೊಳಗೆ ಬಣ್ಣದ ಒಂದು ತೆಳು ಪದರ ಇರುತ್ತದೆ. ರೈಟ್ ಮಾಡುವಾಗ ಲೇಸರು ಅದನ್ನು ಅಲ್ಲಲ್ಲಿ ಸುಟ್ಟು ಕಲೆ ಮಾಡುತ್ತದೆ. ಓದುವಾಗ ಅದೇ 780 ನ್ಯಾನೋಮೀಟರಿನ ಲೇಸರು ಮಂದವಾಗಿ ಬೆಳಗಿ ಕಲೆ ಎಲ್ಲಿದೆ, ಎಲ್ಲಿಲ್ಲ ಎಂದು ನೋಡಿಕೊಂಡು ಹೋಗುತ್ತದೆ. ಸುಟ್ಟದ್ದನ್ನು ಸುಡದಂತೆ ಮಾಡಲು ಬರುವುದಿಲ್ಲ. ಅಲ್ಲಿ ‘ತಿದ್ದುವಂತಿಲ್ಲ’ ಎನ್ನುವುದು ನಿಯಮವಲ್ಲ, ವಸ್ತುಸ್ಥಿತಿ. (ಸುಟ್ಟ ಪದರ ಇರುವುದು ಹೊಳೆಯುವ ಕೆಳಮೈಗೆ ಹತ್ತಿರ ಎಂದುಕೊಂಡು ಎಲ್ಲರೂ ಆ ಮೈಯನ್ನೇ ಒರೆಸಿ ಒರೆಸಿ ನೋಡುತ್ತಾರೆ. ಕೆಳಗೆ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ಕಿದೆ. ಪದರ ಇರುವುದು ಮೇಲ್ಮೈಯ ತೆಳ್ಳನೆಯ ಅರಗಿನ ಅಡಿಯಲ್ಲಿ, ನಾವು ಬಾಲ್‌ಪೆನ್ನಿನಿಂದ ಒತ್ತಿ ‘ಅಪ್ಪನ ಷಷ್ಟ್ಯಬ್ದಿ’ ಎಂದು ಬರೆಯುವ ಜಾಗದಲ್ಲೇ.)

ಇದಕ್ಕಿಂತ ಮಜವಾದ ಸಂಗತಿ ಇನ್ನೊಂದು. ಫೈಲುಗಳನ್ನು ಸಿಡಿಯಲ್ಲಿ ಜೋಡಿಸುವ ಕ್ರಮ ಗೊತ್ತಾದದ್ದು 1985ರಲ್ಲಿ, ಅಮೆರಿಕದ ನೆವಾಡಾದಲ್ಲಿ. ಟಾಹೋ ಸರೋವರದ ಹತ್ತಿರದ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಕಂಪನಿಗಳವರು ಸೇರಿ ಮಾತಾಡಿಕೊಂಡದ್ದು ಆ ಹೋಟೆಲಿನ ಹೆಸರಿನಲ್ಲೇ ಬಳಕೆಗೆ ಬಂತು. ಅದನ್ನೇ ಸ್ವಲ್ಪ ತಿದ್ದಿ 1988ರಲ್ಲಿ ಐಎಸ್ಒ 9660 ಎಂಬ ಮಾನಕ ಮಾಡಿದರು. ಅದರ ಪ್ರಕಾರ ಸಿಡಿಯಲ್ಲಿ ಪ್ರತಿ ಫೈಲಿಗೂ ಒಂದು ದಾಖಲೆ: ಹೆಸರು, ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ, ಯಾವ ತಾರೀಖು, ಇದು ಫೋಲ್ಡರೋ ಅಲ್ಲವೋ, ಬಚ್ಚಿಡಬೇಕೋ ಬೇಡವೋ. ‘ಇದನ್ನು ತಿದ್ದಬಾರದು’ ಎಂದು ಬರೆಯಲು ಅದರಲ್ಲಿ ಗುರುತೇ ಇಲ್ಲ. ಯಾಕೆ ಇರಬೇಕು? ತಿದ್ದಲು ಬಾರದ ವಸ್ತುವಿನ ಮೇಲೆ ತಿದ್ದಬೇಡಿ ಎಂದು ಯಾರೂ ಬೋರ್ಡು ಹಾಕುವುದಿಲ್ಲ.

ಹಾಗಾದರೆ ರೀಡ್ ಓನ್ಲಿ ಎಂಬುದು ಎಲ್ಲಿಂದ ಬಂತು? ಓದುವವನಿಂದ. ವಿಂಡೋಸ್‌ನಲ್ಲಿ ಸಿಡಿ ಓದಲೆಂದೇ ಇರುವ ತಂತ್ರಾಂಶದ ತುಂಡು, ಸಿಡಿಯಿಂದ ಎತ್ತಿದ ಪ್ರತಿಯೊಂದು ಫೈಲಿಗೂ ತಾನಾಗಿ ಒಂದು ರೀಡ್ ಓನ್ಲಿ ಗುರುತು ಅಂಟಿಸಿ ಮುಂದಕ್ಕೆ ದಾಟಿಸುತ್ತದೆ. ಸಿಡಿಯಲ್ಲಿ ಇರುವಷ್ಟು ಹೊತ್ತು ಅದು ಸತ್ಯವೇ. ಆಮೇಲೆ ಕಾಪಿ ಮಾಡುವ ಇನ್ನೊಂದು ತುಂಡು, ಬಂದದ್ದನ್ನು ಬಂದ ಹಾಗೆ ಒಪ್ಪಿಸುವುದು ನನ್ನ ಧರ್ಮ ಎಂದುಕೊಂಡು ಆ ಗುರುತನ್ನೂ ಹಾರ್ಡ್ ಡಿಸ್ಕಿಗೆ ಇಳಿಸುತ್ತದೆ. ಇಬ್ಬರೂ ತಂತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಯಾರೂ ಬರೆಯದ ನಿಷೇಧವೊಂದು ಹುಟ್ಟಿಕೊಂಡಿದೆ. ಒಂದೇ ಒಂದು ಬಿಟ್. ಸೊನ್ನೆ ಇರಬೇಕಾದಲ್ಲಿ ಒಂದು. ಆಮೇಲೆ ಹಾರ್ಡ್ ಡಿಸ್ಕಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಇನ್ನೊಂದು ಹಾರ್ಡ್ ಡಿಸ್ಕಿಗೆ ಎಲ್ಲಿ ಹೋದರೂ ಅದು ಬೆನ್ನು ಬಿಡಲಿಲ್ಲ. ಸಿಡಿ ತೊಂಡೆ ಚಪ್ಪರ ಸೇರಿದ ಮೇಲೂ.

ನಮ್ಮ ಚಿಕ್ಕಪ್ಪ ಹೀಗೇ ಇದ್ದ. ಅವಿಭಕ್ತ ಕುಟುಂಬ ಪಾಲಾಗಿ, ಹೊಳೆಯಾಚೆ ಬೇರೆ ಮನೆ ಕಟ್ಟಿ, ತೋಟ ತನ್ನ ಹೆಸರಿಗೆ ಖಾತೆಯಾಗಿ ವರ್ಷಗಳು ಕಳೆದಿದ್ದವು. ಆದರೂ ಅಡಿಕೆ ಕೊಯ್ಲಿಗೆ ಆಳು ಕರೆಯುವ ಮುಂಚೆ ‘ದೊಡ್ಡಣ್ಣನಿಗೆ ಒಂದು ಮಾತು ಕೇಳಿಬಿಡೋಣ’ ಎನ್ನುತ್ತಿದ್ದ. ದೊಡ್ಡಪ್ಪನಿಗೆ ಕೇಳಿಸಿಕೊಳ್ಳುವ ಆಸಕ್ತಿ ಎಂದೋ ಹೋಗಿತ್ತು. ಬೇಡ ಎಂದವರು ಯಾರೂ ಇಲ್ಲ, ಆದರೂ ಚಿಕ್ಕಪ್ಪನ ಕೊಯ್ಲು ಪ್ರತಿ ವರ್ಷ ಊರಿಗೆಲ್ಲ ಕಡೆಗೆ.

ಮದ್ದು ಸುಲಭ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ರೀಡ್ ಓನ್ಲಿ ಎಂಬಲ್ಲಿ ಟಿಕ್ ತೆಗೆದು ಓಕೆ. ಒಂದು ಫೈಲಿಗೆ ಇಷ್ಟೇ. ಫೋಲ್ಡರಿಗೆ ಬಂದಾಗ ಮಾತ್ರ ವಿಂಡೋಸು ಮನುಷ್ಯನ ತಾಳ್ಮೆ ನೋಡುತ್ತದೆ. ಫೋಲ್ಡರಿನ ಪ್ರಾಪರ್ಟೀಸ್ ತೆರೆದರೆ ರೀಡ್ ಓನ್ಲಿ ಮುಂದೆ ಟಿಕ್ಕೂ ಅಲ್ಲದ, ಖಾಲಿಯೂ ಅಲ್ಲದ, ಮಸಿ ತುಂಬಿದ ಒಂದು ಚೌಕ. ಅಕ್ಕ ಅದನ್ನು ತೆಗೆದಳು. ಒಳಗಿನ ಎಲ್ಲಕ್ಕೂ ಅನ್ವಯಿಸಲೇ ಎಂದು ಕೇಳಿತು, ಹೌದು ಎಂದಳು. ಹಸಿರು ಪಟ್ಟಿ ಓಡಿ ಮುಗಿಯಿತು. ಅನುಮಾನಕ್ಕೆ ಮತ್ತೆ ತೆರೆದು ನೋಡಿದರೆ ಮಸಿ ಚೌಕ ಅಲ್ಲೇ. ಮತ್ತೆ ತೆಗೆದಳು, ಮತ್ತೆ ಬಂತು. ವೈರಸ್ ಎಂದು ತೀರ್ಮಾನಿಸಿ ಕಂಪ್ಯೂಟರನ್ನು ಆಫ್ ಮಾಡಿ ಬಟ್ಟೆ ಮುಚ್ಚಿದಳು.

ವೈರಸ್ಸಲ್ಲ. ಫೋಲ್ಡರಿನ ಮಟ್ಟಿಗೆ ವಿಂಡೋಸು ಆ ಗುರುತನ್ನು ತಡೆಗೆಂದು ಬಳಸುವುದೇ ಇಲ್ಲ. ಫೋಲ್ಡರಿಗೆ ಬೇರೆ ಚಿತ್ರ, ಬೇರೆ ನೋಟ ಕೊಟ್ಟಿದೆಯೇ, ಒಳಗಿರುವ ಡೆಸ್ಕ್‌ಟಾಪ್ ಡಾಟ್ ಐಎನ್ಐ ಎಂಬ ಚೀಟಿಯನ್ನು ಓದಬೇಕೇ ಎಂದು ತನಗೆ ತಾನೇ ನೆನಪು ಮಾಡಿಕೊಳ್ಳಲು ಆ ಜಾಗವನ್ನು ಉಪಯೋಗಿಸಿಕೊಂಡಿದೆ. ಹಾಗಾಗಿ ಚೌಕ ಹೇಗಿದ್ದರೂ ಅದರಿಂದ ತಿಳಿಯುವುದು ಏನೂ ಇಲ್ಲ. ಅದರ ಪಕ್ಕದಲ್ಲೇ, ಒಳಗಿನ ಫೈಲುಗಳಿಗೆ ಮಾತ್ರ ಅನ್ವಯ ಎಂದು ಬರೆದೂ ಇರುತ್ತದೆ. ಇಂಥ ಕಡೆ ಬರೆದದ್ದನ್ನು ಯಾರು ಓದುತ್ತಾರೆ? ಅಕ್ಕನ ಫೋಟೋಗಳು ಮೊದಲನೆಯ ಸಲವೇ ಬಿಡುಗಡೆಯಾಗಿದ್ದವು. ಕೆಲಸ ಆಗಿದೆಯೆಂದು ತಿಳಿಸಬೇಕಾದ ಕಿಟಕಿಯೇ ಆಗಿಲ್ಲ ಎನ್ನುವ ಮುಖ ಹಾಕಿಕೊಂಡು ಕೂತರೆ ಜನ ಏನು ಮಾಡಬೇಕು? ಇದನ್ನು ಹೀಗೆ ಮಾಡಿದವರ ಮೇಲೆ ನನಗೆ ಸಿಟ್ಟಿದೆ.

ನಾನು ಚೌಕದ ಸಹವಾಸ ಬಿಟ್ಟು ಆಜ್ಞೆ ಕೊಡುವ ಪೈಕಿ. ಅಟ್ರಿಬ್ ಎಂಬ ಆಜ್ಞೆ 1984ರ ಡಾಸ್ 3.0ರಿಂದಲೂ ಇದೆ. ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ಸಿಎಂಡಿ ಎಂದು ಬರೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಒಂದು ಸಾಲು ಬರೆದರೆ ಫೋಲ್ಡರಿನೊಳಗಿನ ಫೋಲ್ಡರಿನೊಳಗಿನ ಫೈಲಿನವರೆಗೂ ಗುರುತು ಅಳಿಸಿಹೋಗುತ್ತದೆ. ಬರೆಯಲು ಅರ್ಧ ನಿಮಿಷ ಸಾಕು. ಮೈಸೂರಿನಿಂದ ಸಾಗರಕ್ಕೆ ಫೋನಿನಲ್ಲಿ ಹೇಳಿ ಬರೆಸುವುದು ಬೇರೆ ಮಾತು.

‘ಅಟ್ರಿಬ್. ಆಮೇಲೆ ಸ್ಪೇಸ್.’

‘ಸ್ಪೇಸ್ ಅಂತ ಬರೀಲಾ?’

‘ಬೇಡ, ಜಾಗ ಬಿಡು. ಆಮೇಲೆ ಮೈನಸ್ ಆರ್.’

‘ಮೈನಸ್ಸಿಗೂ ಆರಿಗೂ ಮಧ್ಯೆ ಜಾಗ?’

‘ಬೇಡ. ಆರ್ ಆದಮೇಲೆ ಜಾಗ. ಸ್ಟಾರ್ ಡಾಟ್ ಸ್ಟಾರ್. ಮತ್ತೆ ಜಾಗ. ಸ್ಲ್ಯಾಶ್ ಎಸ್.’

‘ಸ್ಲ್ಯಾಶ್ ಯಾವ ಕಡೆ ವಾಲಿದ್ದು?’

ಪ್ರಶ್ನೆ ಸರಿಯಾದದ್ದೇ. ಬಲಕ್ಕೆ ವಾಲಿದ್ದು ಎಂದೆ. ಭಾವ ಹಿಂದಿನಿಂದ ‘ಪ್ರಶ್ನಾರ್ಥಕ ಚಿಹ್ನೆ ಇರೋ ಕೀ’ ಎಂದು ಹೇಳಿಕೊಟ್ಟದ್ದು ಕೇಳಿಸಿತು. ಎಂಟರ್ ಒತ್ತಿದ ಮೇಲೆ ‘ಏನೂ ಆಗಲಿಲ್ಲ’ ಎಂದಳು. ಈ ಆಜ್ಞೆಯ ರೀತಿಯೇ ಅದು. ತಪ್ಪಾದರೆ ಮಾತಾಡುತ್ತದೆ, ಸರಿಯಾದರೆ ಸುಮ್ಮನಿರುತ್ತದೆ. ಒಂದು ಫೋಟೋ ತಿರುಗಿಸಿ ನೋಡು ಎಂದೆ. ಸ್ವಲ್ಪ ಹೊತ್ತಿನ ಮೇಲೆ, ‘ಅಪ್ಪ ಎದ್ದು ಕೂತರು. ಪಕ್ಕದಲ್ಲಿ ಸುಬ್ಬತ್ತೆ ಬೇರೆ ಇದಾಳೆ, ಅಡ್ಡ ಇದ್ದಾಗ ಗೊತ್ತೇ ಆಗಿರಲಿಲ್ಲ ನೋಡು’ ಎಂದಳು.

ಅಕ್ಕನ ಮಗ ಬೆಂಗಳೂರಿನಲ್ಲಿ ಲಿನಕ್ಸ್‌ನವನು. ವಿಂಡೋಸಿನ ಕಷ್ಟ ಕೇಳಿದರೆ ಅವನಿಗೆ ಸಂತೋಷವಾಗುತ್ತದೆ. ಅಲ್ಲಿ ಈ ರೋಗ ಇಲ್ಲವೆಂದಲ್ಲ, ಲಕ್ಷಣ ಬೇರೆ. 90ರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿಗಳು ಬರುತ್ತಿದ್ದವು; ಇಂಟರ್‌ನೆಟ್ ಆಮೆಗತಿಯಲ್ಲಿದ್ದ ಆ ಕಾಲಕ್ಕೆ ಎಷ್ಟೋ ಜನ ಲಿನಕ್ಸಿನ ಮುಖ ನೋಡಿದ್ದು ಅವುಗಳಿಂದಲೇ. ಅಂಥ ಸಿಡಿಯಿಂದ ಫೈಲು ಇಳಿಸಿಕೊಂಡವರಿಗೆ ಗೊತ್ತು, ಬರೆಯುವ ಅಧಿಕಾರ ಯಾರಿಗೂ ಇರುತ್ತಿರಲಿಲ್ಲ. ಮೇಲೆ ಹೇಳಿದ ಐಎಸ್ಒ ಕ್ರಮ ಯಾರದು ಫೈಲು, ಯಾರಿಗೆ ಏನು ಅಧಿಕಾರ ಎಂಬ, ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ. ಅದನ್ನು ಸೇರಿಸಲು ಆಮೇಲೆ ಒಂದು ಬಾಲಂಗೋಚಿ ಹೊಲಿದರು, ಹೆಸರು ರಾಕ್ ರಿಡ್ಜ್. ಮೆಲ್ ಬ್ರೂಕ್ಸನ 1974ರ ಬ್ಲೇಜಿಂಗ್ ಸ್ಯಾಡಲ್ಸ್ ಎಂಬ ತಮಾಷೆಯ ಸಿನಿಮಾದಲ್ಲಿ ಬರುವ ಊರಿನ ಹೆಸರದು. ಹೋಟೆಲಿನ ಹೆಸರಿನ ಕ್ರಮಕ್ಕೆ ಸಿನಿಮಾ ಊರಿನ ಹೆಸರಿನ ಬಾಲ. ಈ ಕೆಲಸ ಮಾಡಿದವರು ನಾವು ತಿಳಿದಷ್ಟು ಗಂಭೀರ ಜನರಾಗಿರಲಿಲ್ಲ ಎಂದು ನನಗೆ ಸಮಾಧಾನ. ಬಾಲ ಇಲ್ಲದ ಸಿಡಿಯಾದರೆ ಲಿನಕ್ಸ್ ತಾನೇ ಊಹೆ ಮಾಡಿಕೊಂಡು, ಎಲ್ಲರೂ ಓದಬಹುದು, ಎಲ್ಲರೂ ನಡೆಸಬಹುದು, ಯಾರೂ ಬರೆಯುವಂತಿಲ್ಲ ಎಂದು ತೋರಿಸುತ್ತದೆ. ಕಾಪಿ ಮಾಡಿದರೆ ಆ ಊಹೆಯೂ ಕಾಪಿಯಾಗುತ್ತದೆ. ನಡೆಸಬಹುದು ಎಂದರೆ ಪ್ರೋಗ್ರಾಮಿನ ಹಾಗೆ ಓಡಿಸಬಹುದು ಎಂದು; ಹಾಗಾಗಿ ಸುಬ್ಬತ್ತೆಯ ಫೋಟೋ ಕಾಗದದ ಮಟ್ಟಿಗಾದರೂ ಒಂದು ಪ್ರೋಗ್ರಾಮು.

ಫೋಲ್ಡರಿಗೂ ಬರೆಯುವ ಅಧಿಕಾರ ಹೋದರೆ ಇನ್ನೊಂದು ಫಜೀತಿ. ಯುನಿಕ್ಸಿನ ಮತದಲ್ಲಿ ಫೈಲನ್ನು ಅಳಿಸುವುದೆಂದರೆ ಫೈಲಿಗೆ ಏನೋ ಮಾಡುವುದಲ್ಲ, ಫೋಲ್ಡರಿನ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು. ಆದ್ದರಿಂದ ಫೈಲು ನಿಮ್ಮದಾಗಿದ್ದರೂ ಫೋಲ್ಡರು ಬಿಡದಿದ್ದರೆ ಅಳಿಸಲು ಬರುವುದಿಲ್ಲ. ಫೋಲ್ಡರಿನ ಅಧಿಕಾರವಿದ್ದರೆ ತಿದ್ದಲು ಬಾರದ ಫೈಲನ್ನೂ ಅಳಿಸಬಹುದು. ಒಂದು ಸಾಲು ತಿದ್ದುವಂತಿಲ್ಲ, ಇಡೀ ಪುಸ್ತಕ ಸುಟ್ಟುಹಾಕಬಹುದು. ಕೇಳಿದಾಗ ವಿಚಿತ್ರ ಅನ್ನಿಸಿದರೂ ಯೋಚಿಸಿದರೆ ಸರಿಯೇ ಇದೆ.

ಇದಕ್ಕೆಲ್ಲ ನಮ್ಮ ಹುಡುಗನ ಹತ್ತಿರ ಒಂದೇ ಗುಳಿಗೆ. ‘ಮಾವ, ಸೆವೆನ್ ಸೆವೆನ್ ಸೆವೆನ್ ಕೊಟ್ಬಿಡಿ, ಎಲ್ಲ ಸರಿ ಹೋಗತ್ತೆ.’ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1, ಕೂಡಿದರೆ 7. ಒಡೆಯನಿಗೆ ಒಂದು ಏಳು, ಗುಂಪಿಗೆ ಒಂದು ಏಳು, ಮಿಕ್ಕವರಿಗೆಲ್ಲ ಒಂದು ಏಳು. ಅಂದರೆ ಬಾಗಿಲು ತೆರೆಯುತ್ತಿಲ್ಲವೆಂದು ಗೋಡೆಯನ್ನೇ ಕೆಡವಿದ ಲೆಕ್ಕ. ಹೌದು, ಸರಿ ಹೋಗುತ್ತದೆ, ಸಂದೇಹವಿಲ್ಲ. ಆದರೆ ಬೇಕಾಗಿದ್ದದ್ದು ಒಡೆಯನಿಗೆ ಬರೆಯುವ ಅಧಿಕಾರ, ಅಷ್ಟೇ. 1971ರ ಮೊದಲ ಯುನಿಕ್ಸ್‌ನಲ್ಲೇ ಇದ್ದ ಚ್‌ಮಾಡ್ ಎಂಬ ಆಜ್ಞೆಗೆ ಈಗ ಅದನ್ನು ಅಷ್ಟೇ ಚುಟುಕಾಗಿ ಹೇಳಬಹುದು: ಯು ಪ್ಲಸ್ ಡಬ್ಲ್ಯು, ಜೊತೆಗೆ ಒಳಗೆಲ್ಲ ಹೋಗು ಎನ್ನುವ ದೊಡ್ಡ ಆರ್. ಇರುವುದಕ್ಕೆ ಬೇಕಾದ್ದನ್ನು ಸೇರಿಸುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮೂರು ಏಳು ಹಾಕುವವರ ಮೇಲೆ ನನಗೆ ನಂಬಿಕೆ ಕಡಿಮೆ. ಅವರು ಸಾರಿಗೆ ಉಪ್ಪು ಹಾಕುವುದನ್ನೂ ನೋಡಿದ್ದೇನೆ.

ಬೀಗಕ್ಕೂ ವಿಂಡೋಸಿನ ಈ ರೀಡ್ ಓನ್ಲಿ ಟಿಕ್ಕಿಗೂ ಇರುವ ವ್ಯತ್ಯಾಸವನ್ನು ಜನ ಕಲೆಸಿಬಿಡುತ್ತಾರೆ. ಸತ್ತ ಕಂಪ್ಯೂಟರಿನ ಹಾರ್ಡ್ ಡಿಸ್ಕು ಬಿಚ್ಚಿ ಹೊಸದಕ್ಕೆ ಜೋಡಿಸಿದಾಗ ‘ನಿಮಗೆ ಅನುಮತಿ ಇಲ್ಲ’ ಎಂದು ವಿಂಡೋಸು ಹೇಳುವುದು ಬೇರೆ ವ್ಯವಹಾರ. ಅಲ್ಲಿ ಫೈಲಿಗೆ ನಿಜವಾಗಿಯೂ ಹಳೆಯ ಒಡೆಯನೊಬ್ಬನ ಹೆಸರು ಅಂಟಿರುತ್ತದೆ, ಒಡೆತನ ಬದಲಾಯಿಸಿಕೊಳ್ಳಬೇಕು. ರೀಡ್ ಓನ್ಲಿ ಟಿಕ್ಕಿಗೆ ಒಡೆಯನೆಂಬುವನಿಲ್ಲ. ಫೈಲನ್ನು ಮುಟ್ಟುವ ಹಕ್ಕಿದ್ದವರು ಯಾರು ಬೇಕಾದರೂ ಹಾಕಬಹುದು, ಯಾರು ಬೇಕಾದರೂ ತೆಗೆಯಬಹುದು.

ಇಷ್ಟು ಹಗುರದ ವಸ್ತುವಿನಿಂದ ಎಂಥ ಅನಾಹುತ ಆಗಬಹುದೆಂಬುದಕ್ಕೆ ನನ್ನ ಪರಿಚಯದ ಹಿರಿಯ ಲೇಖಕರೊಬ್ಬರ ಪುಸ್ತಕ ಸಾಕ್ಷಿ. ‘ನುಡಿ’ ತಂತ್ರಾಂಶದಲ್ಲಿ ಕಂಪೋಸಾದ ಮೊದಲ ಮುದ್ರಣದ ಫೈಲುಗಳು ಸಿಡಿಯಲ್ಲಿದ್ದವು. ಎರಡನೆಯ ಮುದ್ರಣಕ್ಕೆಂದು ಕಾಪಿ ಮಾಡಿಕೊಂಡು ತಿದ್ದಲು ಕೂತರು. ಸೇವ್ ಆಗಲಿಲ್ಲ. ಬೇರೆ ಹೆಸರು ಕೊಡಿ ಎಂದಿತು, ಕೊಟ್ಟರು. ಅಧ್ಯಾಯಕ್ಕೊಂದು ಹಳೇ ಹೆಸರಿನ ಫೈಲು, ಒಂದು ಹೊಸ ಹೆಸರಿನದು, ಒಂದೆರಡಕ್ಕೆ ಮೂರನೆಯದೂ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಡಿಟಿಪಿಗೆ ಕಳಿಸಿದರು. ಡಿಟಿಪಿಯ ಹುಡುಗನಿಗೆ ಹಳೇ ಹೆಸರುಗಳೇ ಪರಿಚಯ. ಅವನ್ನೇ ತೆರೆದು ಪುಟ ಕಟ್ಟಿದ. ‘ಪರಿಷ್ಕೃತ ದ್ವಿತೀಯ ಮುದ್ರಣ’ ಎಂದು ಮುಖಪುಟದಲ್ಲಿ ಹಾಕಿಸಿಕೊಂಡು ಬಂದ ಪುಸ್ತಕದಲ್ಲಿ ಮೊದಲ ಮುದ್ರಣದ ಅಚ್ಚಿನ ತಪ್ಪುಗಳು ಒಂದೂ ಕಳೆದುಹೋಗದೆ ಹಾಜರಿದ್ದವು. ಅರ್ಪಣೆಯ ಪುಟದಲ್ಲಿ ಅವರ ಗುರುಗಳ ಹೆಸರಿಗೆ ಒಂದು ಒತ್ತಕ್ಷರ ಕಡಿಮೆ ಬಿದ್ದಿತ್ತು. ಅದನ್ನು ಸರಿಪಡಿಸಲೆಂದೇ ಅವರು ಎರಡನೆಯ ಮುದ್ರಣಕ್ಕೆ ಹೊರಟಿದ್ದು. ಈಚಿನ ವಿಂಡೋಸುಗಳು ಸಿಡಿಯಿಂದ ಎಳೆದು ಹಾಕುವಾಗಲೇ ಟಿಕ್ಕನ್ನು ಉದುರಿಸಿಬಿಡುವುದುಂಟು. ಎಕ್ಸ್‌ಕಾಪಿ ಎಂಬ ಹಳೆಯ ಆಜ್ಞೆಯಂತೂ, ಉಳಿಸಿಕೋ ಎಂದು ವಿಶೇಷವಾಗಿ ಹೇಳದ ಹೊರತು ಅದನ್ನು ಕಳಚಿಯೇ ಕಾಪಿ ಮಾಡುತ್ತದೆ. ಲೇಖಕರಿಗೆ ಇದನ್ನು ಹೇಳಿದರೆ ಈಗೇನು ಸಮಾಧಾನ?

ಹಾಗೆಂದು ಸಿಕ್ಕಿದ್ದಕ್ಕೆಲ್ಲ ಟಿಕ್ ತೆಗೆಯುತ್ತ ಹೋಗುವವನಲ್ಲ ನಾನು. ಅಕ್ಕನ ಫೋಟೋಗಳ ತಾರೀಖು ನೋಡಿದಾಗ ಒಂದು ತಮಾಷೆ ಕಂಡಿತ್ತು. ಕಾಪಿ ಮಾಡಿದಾಗ ಕೊನೆಯ ಸಲ ತಿದ್ದಿದ ತಾರೀಖು ಹಳೆಯದೇ ಉಳಿಯುತ್ತದೆ, ಹುಟ್ಟಿದ ತಾರೀಖು ಮಾತ್ರ ಕಾಪಿ ಮಾಡಿದ ದಿನದ್ದು. ಹಾಗಾಗಿ ಆ ಫೋಟೋಗಳೆಲ್ಲ ಹುಟ್ಟುವುದಕ್ಕೆ ವರ್ಷಗಳ ಮುಂಚೆ ತಿದ್ದಿಸಿಕೊಂಡವು. ಆ ಹಳೆಯ ತಾರೀಖು ಅಷ್ಟು ವರ್ಷ ಕದಲದೆ ಉಳಿದದ್ದಕ್ಕೆ ರೀಡ್ ಓನ್ಲಿಯೂ ಒಂದು ಕಾರಣ. ಟಿಕ್ ಹೋದ ಕ್ಷಣದಿಂದ ಯಾರು ಬೇಕಾದರೂ ತಿರುಗಿಸಿ, ಕತ್ತರಿಸಿ, ಬಣ್ಣ ಏರಿಸಿ ಅದರ ಮೇಲೆಯೇ ಉಳಿಸಬಹುದು. ಅಕ್ಕನ ಮೊಮ್ಮಗಳು ಅದೇ ವಾರ ಪುರೋಹಿತರಿಗೆ ಕಪ್ಪು ಕನ್ನಡಕ ಹಾಕಿದಳು. ಚೆನ್ನಾಗಿಯೇ ಒಪ್ಪಿತ್ತು ಅನ್ನಿ.

ಅಕ್ಕ ಮತ್ತೆ ಫೋನು ಮಾಡಿದಳು. ‘ಒಂದು ಸಲ ಎಲ್ಲ ನೆಟ್ಟಗೆ ಮಾಡಿದೀನಿ. ಇನ್ನು ಯಾರೂ ಮುಟ್ಟದ ಹಾಗೆ ಏನಾದರೂ ಮಾಡೋಕೆ ಬರತ್ತಾ?’

ಬರುತ್ತದೆ, ಮೈನಸ್ ಹಾಕಿದಲ್ಲಿ ಪ್ಲಸ್ ಹಾಕಿದರಾಯಿತು ಎಂದೆ. ತಿದ್ದುವುದು ತಪ್ಪುತ್ತದೆ, ಆದರೆ ಅಳಿಸುವುದು ತಪ್ಪುವುದಿಲ್ಲ; ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತುವ ಮಗುವಿನ ಮುಂದೆ ರೀಡ್ ಓನ್ಲಿಯ ಆಟ ನಡೆಯದು, ಅದಕ್ಕೆ ಪೆನ್‌ಡ್ರೈವಿನಲ್ಲಿ ಒಂದು, ಮಗನ ಹತ್ತಿರ ಒಂದು ಕಾಪಿ ಇಟ್ಟುಬಿಡು ಎಂದೂ ಹೇಳಿದೆ. ‘ಸಿಡಿಯಲ್ಲೇ ಇನ್ನೊಂದು ಮಾಡಿಸಲಾ?’ ಎಂದಳು. ಮಾಡಿಸಬಹುದು, ಆದರೆ ತೊಂಡೆ ಚಪ್ಪರಕ್ಕೆ ಕಟ್ಟುವುದಿಲ್ಲವೆಂದು ಮಾತು ಕೊಡು ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ಕೀಲಿಮಣೆಯ ಸದ್ದು ಬಂತು. ಅಟ್ರಿಬ್, ಜಾಗ, ಪ್ಲಸ್ ಆರ್, ಜಾಗ ಎಂದು ತಾನೇ ಹೇಳಿಕೊಳ್ಳುತ್ತ ಬರೆಯುತ್ತಿದ್ದಳು. ಸ್ಲ್ಯಾಶ್ ಹತ್ತಿರ ಬಂದಾಗ ‘ಬಲಕ್ಕೆ’ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ‘ಗೊತ್ತು ಸುಮ್ಮನಿರು’ ಎಂದಳು.